ಗಂಡು ನೋಡಲು ಹೋಗಿ ಕೋವಿ ನೋಡಿದ್ದು

ನನ್ನ ಸೂಜಿಗಳು ಇರುವುದು ಒಂದು ತೋಟೆಯೊಳಗೆ. ಕೋವಿಗೆ ಹಾಕುವ ತೋಟೆ. ಒಳಗಿದ್ದ ಮದ್ದು, ಚರೆ ಎಲ್ಲ ಎಂದೋ ಹಾರಿಹೋಗಿ ಬರೀ ಕೊಳವೆ ಉಳಿದಿದೆ. ಬುಡಕ್ಕೆ ಹಿತ್ತಾಳೆ, ಮೇಲೆ ಬಣ್ಣ ಬಿಟ್ಟ ಕಾಗದದ ಮೈ, ಬಾಯಿಗೆ ನಾನು ಸಿಕ್ಕಿಸಿದ ಬೂಚು. ಮದುವೆಯಾಗಿ ಬೊಂಬಾಯಿಗೆ ಬರುವಾಗ ಅಪ್ಪನ ಪೆಟ್ಟಿಗೆಯಿಂದ ಕದ್ದು ತಂದದ್ದು. ಅಪ್ಪ ಕೊಟ್ಟ ಪಾತ್ರೆಪಗಡೆ ಎಲ್ಲ ತೂತಾಗಿ ಗುಜರಿಗೆ ಹೋಯಿತು; ಕದ್ದದ್ದು ಮಾತ್ರ ಗಟ್ಟಿಯಾಗಿ ಉಳಿದಿದೆ.

ಮೊನ್ನೆ ನೆರೆಮನೆಯ ಸೊಸೆ ಗುಂಡಿ ಹೊಲಿಸಿಕೊಳ್ಳಲು ಬಂದವಳು ಅದನ್ನು ನೋಡಿ, "ಅಜ್ಜಿ, ಇದೆಂತ ಲಿಪ್‌ಸ್ಟಿಕ್ಕಾ?" ಎಂದಳು. ನನ್ನ ಅಪ್ಪ ಕಾಡುಹಂದಿ ಹೊಡೆದ ತೋಟೆ ಎಂದೆ. ಮನೆಯಲ್ಲಿ ನಾನು ಯಾವಾಗಲೂ ಹಾಗೆಯೇ ಹೇಳುವುದು. ಆ ಹಂದಿಯ ವಿಷಯ ನಿಮಗೆ ಬೇರೆ ಥರ ಹೇಳಬೇಕಾಗುತ್ತದೆ. ಸ್ವಲ್ಪ ತಡೆಯಿರಿ.

ನಾನು ಓದಿದ್ದು ಮೂರನೇ ಕ್ಲಾಸು. ಆದರೆ ಒಂದು ಹಳೆ ಸಾಮಾನನ್ನು ನನ್ನ ಮುಂದೆ ಇಟ್ಟರೆ ಅದರ ಜಾತಕ ಓದುತ್ತೇನೆ. ನನ್ನ ಗಂಡ ಅಂಧೇರಿಯಲ್ಲಿ ಸಣ್ಣ ಹೊಟೇಲು ನಡೆಸುತ್ತಿದ್ದರು. ಯಾವುದಾದರೂ ಹೊಟೇಲು ಮುಚ್ಚಿತು ಎಂದು ಸುದ್ದಿ ಬಂದರೆ ಸಾಕು, ಗ್ರೈಂಡರು, ಬಾಯ್ಲರು, ಮೇಜು ಎಂದು ಓಡುವರು. ಅವರು ಬಣ್ಣ ನೋಡುವವರು, ನಾನು ಬುಡ ನೋಡುವವಳು. ಹೊಸ ಬಣ್ಣ ಹೊಡೆದ ಹಳೆ ಗ್ರೈಂಡರು ಮುಖಕ್ಕೆ ಪೌಡರು ಬಳಿದ ಮುದುಕನ ಹಾಗೆ, ಒಳಗೆ ಹಲ್ಲು ಎಷ್ಟುಂಟು ಎಂದು ಬಾಯಿ ಬಿಡಿಸಿಯೇ ನೋಡಬೇಕು.

ಒಮ್ಮೆ ಒಂದು ಗ್ರೈಂಡರಿನ ಕಲ್ಲು ಒಂದೇ ಬದಿಗೆ ಸವೆದಿತ್ತು. "ಇದನ್ನು ಇಳಿಜಾರಿನಲ್ಲಿ ಇಟ್ಟು ತಿರುಗಿಸಿದ್ದಾರೆ" ಎಂದೆ. ಮಾರುವವನು ದೇವರ ಮೇಲೆ ಆಣೆ ಇಟ್ಟ. ಅವನ ಅಡುಗೆಮನೆಗೆ ಹೋಗಿ ನೆಲದ ಮೇಲೆ ಒಂದು ಬಟಾಟೆ ಇಟ್ಟೆ. ಬಟಾಟೆ ಉರುಳಿಕೊಂಡು ನೇರ ಮೋರಿಗೆ ಹೋಯಿತು. ಅಂದಿನಿಂದ ನಮ್ಮ ಕಡೆಯ ಹೊಟೇಲಿನವರೆಲ್ಲ ಹಳೆ ಸಾಮಾನು ಕೊಳ್ಳುವ ಮೊದಲು ನನ್ನನ್ನು ಕರೆದುಕೊಂಡು ಹೋಗುತ್ತಿದ್ದರು. ಗಂಡನೊಬ್ಬರನ್ನೇ ನಾನು ಪರೀಕ್ಷೆ ಮಾಡದೆ ತಂದುಕೊಂಡದ್ದು. ಪರವಾಗಿಲ್ಲ, ಸುಮಾರು ಬಾಳಿಕೆ ಬಂದರು.

ಕೋವಿ ನೋಡಲು ಕಲಿಸಿದ್ದು ಅಪ್ಪ. ಭಾನುವಾರ ಜಗಲಿಯಲ್ಲಿ ಕೂತು ಅವರು ಕೋವಿಗೆ ಎಣ್ಣೆ ಹಾಕುವಾಗ ಬಟ್ಟೆಯ ತುಂಡು ಹಿಡಿದು ಪಕ್ಕದಲ್ಲಿ ನಿಲ್ಲುವುದು ನನ್ನ ಕೆಲಸ. ತಮ್ಮ ವಾಸು ಆಗ ತೊಟ್ಟಿಲಲ್ಲಿ ಇದ್ದ, ಇಲ್ಲದಿದ್ದರೆ ಈ ವಿದ್ಯೆ ಅವನಿಗೆ ಹೋಗುತ್ತಿತ್ತು. ಕೋವಿಯನ್ನು ನಡುವಿನ ಕೀಲಿನಲ್ಲಿ ಮಡಿಸಿ, ಒಳಗೆ ತೋಟೆ ಇಲ್ಲ ಎಂದು ಮೊದಲು ನೋಡಬೇಕು, ಎರಡು ಸಲ ನೋಡಬೇಕು. ಆಮೇಲೆ ನಳಿಗೆಯನ್ನು ಬಾನಿಗೆ ಹಿಡಿದು ಬುಡದಿಂದ ಕಣ್ಣಿಡಬೇಕು. ಒಳ್ಳೆಯ ನಳಿಗೆಯಾದರೆ ಒಳಗೆ ಬೆಳಕಿನ ಬಳೆಗಳು ಒಂದರ ಹಿಂದೆ ಒಂದು ಸಾಲಾಗಿ ಕಾಣುತ್ತವೆ. ನನಗೆ ಬಳೆ ಅಂಗಡಿಯೊಳಗೆ ಇಣುಕಿದ ಹಾಗೆ ಆಗುತ್ತಿತ್ತು. ಹೊಡೆದು ತೊಳೆಯದೆ ಇಟ್ಟ ನಳಿಗೆಯಾದರೆ ಒಳಗೆಲ್ಲ ತುಕ್ಕು ತಿಂದ ಚಿಬ್ಬು. "ಕೋವಿಯ ಕಥೆ ಕೋವಿಯನ್ನೇ ಕೇಳು ಮಗಾ, ಒಡೆಯನನ್ನು ಕೇಳಬೇಡ" ಎನ್ನುತ್ತಿದ್ದರು ಅಪ್ಪ. ಅವರು ಹಾಗೆ ಹೇಳಲು ಕಾರಣ ಇತ್ತು ಎಂದು ಆಮೇಲೆ ಗೊತ್ತಾಯಿತು.

ಈಗ ವಿಷಯಕ್ಕೆ ಬರುತ್ತೇನೆ. ನನ್ನ ಮೊಮ್ಮಗಳು ನಿಶಾ ತನ್ನ ಆಫೀಸಿನಲ್ಲೇ ಒಬ್ಬ ಹುಡುಗನನ್ನು ಗೊತ್ತು ಮಾಡಿಕೊಂಡಳು. ಹೆಸರು ಪ್ರವೀಣ. ವಿಜಯಪುರದ ಕಡೆಯವರು, ಮನೆ ವಿಕ್ರೋಳಿಯಲ್ಲಿ. ಹುಡುಗನ ತಂದೆ ಮಲ್ಲಪ್ಪನವರು ಒಂದು ಬ್ಯಾಂಕಿನ ಬಾಗಿಲಲ್ಲಿ ಕೋವಿ ಹಿಡಿದು ನಿಂತು ರಿಟೈರಾದವರು. ಆ ಕೆಲಸಕ್ಕೆ ಸೇರುವವನ ಹತ್ತಿರ ಸ್ವಂತ ಕೋವಿ ಇರಬೇಕಂತೆ. ಅವರು ನಮ್ಮ ಗೋರೆಗಾಂವಿನ ಮನೆಗೆ ಹೆಣ್ಣು ನೋಡಲು ಬಂದ ದಿನ ನಾನು ಕಣ್ಣಿನ ಪೊರೆ ತೆಗೆಸಿಕೊಂಡು ಕಪ್ಪು ಕನ್ನಡಕ ಹಾಕಿ ಒಳಗೆ ಮಲಗಿದ್ದೆ. ಮಲ್ಲಪ್ಪನವರು ಮಾತಿನ ನಡುವೆ, ಇನ್ನು ಲೈಸನ್ಸು ಮುಂದುವರಿಸುವುದಿಲ್ಲ, ಬಂದೂಕನ್ನು ಯಾರಾದರೂ ಯೋಗ್ಯರಿಗೆ ಮಾರುತ್ತೇನೆ ಎಂದರಂತೆ. ನನ್ನ ಮಗಳು ಸುಮತಿಯ ಬಾಯಿಯಲ್ಲಿ ಮಾತು ನಿಲ್ಲುತ್ತದಾ? "ಊರಲ್ಲಿ ನಮ್ಮ ವಾಸುಮಾವನಿಗೆ ಕೋವಿ ಬೇಕಂತೆ, ಗೆಣಸಿನ ಗದ್ದೆಗೆ ಹಂದಿ ಬರ್ತದೆ, ಲೈಸನ್ಸು ಉಂಟು" ಎಂದುಬಿಟ್ಟಳು. ಮಲ್ಲಪ್ಪನವರಿಗೆ ಅದು ಶಕುನದ ಹಾಗೆ ಕಂಡಿತು. "ಹಂಗಾದ್ರ ನಿಮ್ಮವರು ಬಂದು ಬಂದೂಕ ನೋಡ್ಲಿ. ಅದು ಒಪ್ಪಿಗಿ ಆತಂದ್ರ ಸಂಬಂಧಾನೂ ಒಪ್ಪಿಗಿ" ಎಂದು ಹೇಳಿ ಹೋದರು.

ಅಂದರೆ ಹುಡುಗಿ ಪಾಸಾಗಿದ್ದಳು. ಪರೀಕ್ಷೆಗೆ ಕೂತದ್ದು ಕೋವಿ. ಪರೀಕ್ಷೆ ಮಾಡುವವಳು ನಾನು.

ಟ್ಯಾಕ್ಸಿಯಲ್ಲಿ ದಾರಿಯುದ್ದಕ್ಕೂ ಸುಮತಿಯ ಪಾಠ. "ಅಮ್ಮಾ, ಅಲ್ಲಿ ಬಾಯಿ ಬಿಡ್ಬೇಡ. ಕೋವಿ ಚಂದ ಉಂಟು ಹೇಳು, ಚಾ ಕುಡಿ, ಎದ್ದು ಬಾ."

"ಚಂದ ಇಲ್ಲದಿದ್ರೆ?"

"ಇಲ್ಲದಿದ್ರೂ ಚಂದ ಉಂಟು!"

"ಮತ್ತೆ ವಾಸು ಹಂದಿಯನ್ನು ಎಂತದ್ರಲ್ಲಿ ಹೊಡೀಬೇಕು? ನಿನ್ನ ನಾಲಗೆಯಲ್ಲಾ?"

ನಿಶಾ ನನ್ನ ಕೈ ಹಿಡಿದುಕೊಂಡಳು. ಅವಳ ಕನ್ನಡ ಅರ್ಧ ಸ್ಟೇಷನ್ನಿಗೆ ಬಂದು ಹಿಂದಿಯ ಲೋಕಲ್ ಹತ್ತುತ್ತದೆ. "ಅಜ್ಜಿ, ಪ್ಲೀಸ್ ಹಾಂ. ಆ ಗನ್ ಅಂದ್ರೆ ಪ್ರವೀಣ್‌ನ ಪಪ್ಪಾಗೆ ಜಾನ್ ಹೈ. ಅವರು ನಾ ಬೋಲೇ ತೋ ಪ್ರವೀಣ್ ಶಾದಿ ಮಾಡುದಿಲ್ಲ. ನೀನು ಕುಛ್ ಹೇಳ್ಬೇಡ."

ಆಯಿತು ಎಂದೆ. ಆ ಕ್ಷಣಕ್ಕೆ ನಿಜವಾಗಿಯೂ ಹಾಗೆಯೇ ಅಂದುಕೊಂಡಿದ್ದೆ.

ಅವರ ಮನೆ ಏಳನೇ ಮಾಳಿಗೆಯಲ್ಲಿ. ಮೊದಲು ಅದೇ ಜಾಗದಲ್ಲಿ ಅವರಿದ್ದ ಒಂದೊಂದೇ ಕೋಣೆಯ ಚಾಳು ಇತ್ತಂತೆ, ಕೆಡವಿ ಬಿಲ್ಡಿಂಗು ಕಟ್ಟಿದ್ದಾರೆ. ಮಲ್ಲಪ್ಪನವರು ಬಾಗಿಲಿನಷ್ಟು ಎತ್ತರದ ಆಳು, ಮೀಸೆ ಎರಡು ಕಡೆಗೂ ಬಾಗಿಲಿನ ಚಿಲಕದ ಹಾಗೆ. "ಬರ್ರಿ ಅವ್ವಾರ, ಕುಂಡ್ರರಿ" ಎಂದರು. ಹೆಂಡತಿ ಗಂಗವ್ವ ಸಣ್ಣ ಮೈಯ ಹೆಂಗಸು, ಸೆರಗು ತಲೆಯ ಮೇಲೆ. ಚಾ ಕೊಟ್ಟು ಅಡುಗೆಮನೆಯ ಬಾಗಿಲಲ್ಲಿ ನಿಂತರು. ಹುಡುಗ ಪ್ರವೀಣ ಸೋಫಾದ ತುದಿಯಲ್ಲಿ ಹಲ್ಲುನೋವಿನವನ ಹಾಗೆ ಕೂತಿದ್ದ. ಹುಡುಗನನ್ನು ನಾನು ಹೆಚ್ಚು ನೋಡಲಿಲ್ಲ. ಹೊಸ ಸಾಮಾನು, ನೋಡಿ ಏನು ತಿಳಿಯುತ್ತದೆ?

ನಿಶಾ ಫೋನು ಹಚ್ಚಿ ಊರಿನ ವಾಸುವನ್ನು ತೋರಿಸಿದಳು. ಪರದೆಯ ತುಂಬ ಅವನ ಮೂಗು.

"ಅಕ್ಕಾ, ಕಾಣ್ತದಾ?"

"ಮೂಗು ಕಾಣ್ತದೆ. ಸ್ವಲ್ಪ ಹಿಂದೆ ಹೋಗು."

ಮಲ್ಲಪ್ಪನವರು ಬೀಗ ತೆಗೆದು ಕಬ್ಬಿಣದ ಕಪಾಟಿನಿಂದ ಕೋವಿಯನ್ನು ಮಗುವನ್ನು ಎತ್ತುವ ಹಾಗೆ ಎತ್ತಿ ತಂದರು. ಜೋಡು ನಳಿಗೆ. ಮೇಲಿಂದ ಎಣ್ಣೆ ಹಚ್ಚಿ ಕನ್ನಡಿ ಮಾಡಿದ್ದರು.

"ನಮ್ಮಜ್ಜನ ಬಂದೂಕರಿ. ಇದರಾಗ ಆತ ಹುಲಿ ಹೊಡದಾನ."

"ಎಲ್ಲಿ?"

"ನಮ್ಮ ಹೊಲದಾಗ. ಬಿಳಿಜೋಳದ ಹೊಲ."

"ಜೋಳದ ಹೊಲದಲ್ಲಿ ಹುಲಿಗೆಂತ ಕೆಲಸ ಮಾರಾಯ್ರೆ? ರೊಟ್ಟಿ ತಿನ್ಲಿಕ್ಕೆ ಬಂದದ್ದಾ?"

ಸುಮತಿ ನನ್ನ ತೊಡೆ ಚಿವುಟಿದಳು. ಮಲ್ಲಪ್ಪನವರು ಕೇಳಿಸದವರಂತೆ ನಳಿಗೆಯ ತುದಿಗೆ ಬೆರಳಿಟ್ಟರು. ಅಲ್ಲಿ ಗುರಿ ನೋಡಲು ಕಡಲೆಗಿಂತ ಸಣ್ಣ ಹಿತ್ತಾಳೆಯ ಮಣಿ ಇರುತ್ತದೆ. ಅದು ಒಂದು ಬದಿಗೆ ವಾಲಿತ್ತು. "ಇದನ್ನ ನೋಡ್ರಿ. ಬ್ಯಾಂಕಿನಾಗ ಒಬ್ಬ ಕಳ್ಳ ಬಂದಿದ್ದ. ಈ ತುದೀಲೆ ಅವನ ಎದಿಗೆ ಒತ್ತಿ ಹೊರಗ ದಬ್ಬಿದೆ. ಮರುದಿನ ನೋಡ್ತೀನಿ, ಮಣಿ ಸೊಟ್ಟ! ಮೂವತ್ತು ವರ್ಷ ಆತು, ರಿಪೇರಿ ಮಾಡಿಸಿಲ್ಲ. ಗುರುತು ಇರ್ಲಿ ಅಂತ."

ಕೋವಿ ನನ್ನ ಕೈಗೆ ಬಂತು. ಕೈಗೆ ಬಂದ ಮೇಲೆ ನಾನು ಯಾರ ಅಜ್ಜಿಯೂ ಅಲ್ಲ.

ಮಡಿಸಿ ನೋಡಿದೆ, ಎರಡೂ ನಳಿಗೆ ಖಾಲಿ. ಇನ್ನೊಮ್ಮೆ ನೋಡಿದೆ. ಕಿಟಕಿಯ ಬೆಳಕಿಗೆ ಹಿಡಿದು ಕಣ್ಣಿಟ್ಟೆ. ಹೊಸ ಕಣ್ಣು, ಎಲ್ಲ ಸ್ವಚ್ಛವಾಗಿ ಕಂಡಿತು: ಬಳೆ ಅಂಗಡಿ! ಒಂದು ಚಿಬ್ಬು ಇಲ್ಲ. "ವಾಸು, ನಳಿಗೆ ಹೊಸತರ ಹಾಗುಂಟು. ಇದು ಹೆಚ್ಚು ಹೊಡೆದ ಕೋವಿ ಅಲ್ಲ" ಎಂದೆ. ಉಗುರಿನಲ್ಲಿ ಬಡಿದೆ, ಮಡಕೆ ಕೊಳ್ಳುವಾಗ ಬಡಿಯುವ ಹಾಗೆ. ಗಂಟೆಯ ನಾದ ಬಂತು. ಮುಚ್ಚಿ ಕಿವಿಯ ಹತ್ತಿರ ಅಲ್ಲಾಡಿಸಿದೆ. ಕೀಲು ಲಟಲಟ ಎಂದಿತು.

"ಗುಂಡು ಹೊಡೆಯದೆ ಕೀಲು ಹೇಗೆ ಸಡಿಲ ಆಯಿತು?" ಎಂದು ಫೋನಿನಿಂದ ವಾಸು.

"ದಿನಾ ಮಡಿಸಿ ತೋರಿಸಿ, ದಿನಾ ಮುಚ್ಚಿ ಆದದ್ದು. ಬಾಗಿಲು ತೆರೆದು ಮುಚ್ಚಿ ಸವೆದಿದೆ, ಒಳಗೆ ಯಾರೂ ಸಂಸಾರ ಮಾಡಿಲ್ಲ. ಕೋವಿ ರಿಪೇರಿಯವನ ಹತ್ರ ಬಿಗಿ ಮಾಡಿಸಿದ್ರೆ ಆಯ್ತು."

ಹಿಂಬದಿಯ ಮರ ನೋಡಿದೆ. ತುದಿಯಲ್ಲಿ ಎರಡು ಬೆರಳಿನಷ್ಟು ಗರಗಸದಲ್ಲಿ ಕೊಯ್ದಿದ್ದರು, ಹಳೆಯ ಕೊಯ್ತ. ಕುಳ್ಳನಿಗೆ ಉದ್ದ ಹೆಚ್ಚಾದರೆ ಹಾಗೆ ಮಾಡಿಸಿಕೊಳ್ಳುತ್ತಾರೆ.

"ನಿಮ್ಮ ಅಜ್ಜ ಕುಳ್ಳರಾ?"

"ಏ ಇಲ್ರಿ! ನಮ್ಮ ಮನಿತನದಾಗ ಎಲ್ಲಾರೂ ಆರಡಿ."

"ಹಾಗಾದ್ರೆ ಹುಲಿ ಹೊಡೆದದ್ದು ಬೇರೆ ಯಾರದ್ದೋ ಅಜ್ಜ. ಇದು ನಿಮ್ಮ ಕೈಗೆ ಬರುವ ಮೊದಲು ಒಬ್ಬ ಗಿಡ್ಡನ ಕೈಯಲ್ಲಿ ಇತ್ತು."

ಪ್ರವೀಣ ಚಾವಣಿ ನೋಡಿದ. ಮಲ್ಲಪ್ಪನವರ ಮೀಸೆ ಸ್ವಲ್ಪ ಇಳಿಯಿತು. "ಕೆಲಸಕ್ಕ ಸೇರೂ ಮುಂದ... ಸೆಕೆಂಡ್ ಹ್ಯಾಂಡ್ ತಗೊಂಡಿದ್ದೆ" ಎಂದು ಗೊಣಗಿದರು. ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಆ ಮಣಿ ನನ್ನನ್ನು ನೋಡುತ್ತಿತ್ತು.

ಒಬ್ಬನ ಎದೆಗೆ ಒತ್ತಿದರೆ ಮಣಿ ಹಿಂದಕ್ಕೆ ಬಾಗಬೇಕು. ಇದು ಅಡ್ಡಕ್ಕೆ ವಾಲಿತ್ತು, ಯಾವುದೋ ಭಾರ ಅದಕ್ಕೆ ಜೋತು ಬಿದ್ದ ಹಾಗೆ. ಮಣಿಯ ಬುಡದಲ್ಲಿ ಏನೋ ಕರ್ರಗೆ ಅಂಟಿಕೊಂಡಿತ್ತು. ವರ್ಷಗಟ್ಟಲೆ ಎಣ್ಣೆ ಹಚ್ಚಿ ಹಚ್ಚಿ ಅದು ಮಣಿಯದ್ದೇ ಭಾಗವಾಗಿತ್ತು. ನನ್ನ ಚೀಲದಿಂದ ತೋಟೆ ತೆಗೆದು, ಒಂದು ಸೂಜಿ ಹೊರಗೆಳೆದು ಮೆಲ್ಲನೆ ಕೆದಕಿದೆ. ದಾರ ಬಂತು. ಕೆಂಪು ದಾರ, ದಪ್ಪನೆಯದು. ಅರ್ಧ ಬಂದು ಅರ್ಧ ಅಲ್ಲೇ ಬಿಗಿದು ಕೂತಿತು. ಪಕ್ಕದಲ್ಲಿ ನಳಿಗೆಯ ಸಂದಿನಲ್ಲಿ ಒಂದು ಚೂರು ಸಾಬೂನಿನ ಬಿಳಿ.

ನಾನು ಕೂತಿದ್ದ ದಿವಾನದ ಮೇಲೆ ಹಾಸಿದ್ದು ಕೌದಿ. ಹಳೆ ಸೀರೆಗಳನ್ನು ಪದರ ಪದರವಾಗಿ ಇಟ್ಟು ಹೊಲಿದು ಮಾಡುತ್ತಾರಲ್ಲ, ಆ ಕಡೆಯವರ ದಪ್ಪ ಹೊದಿಕೆ. ಹೊಲಿಗೆ ಕೆಂಪು ದಾರದಲ್ಲಿ. ದಾರವನ್ನು ಕೌದಿಯ ಪಕ್ಕ ಹಿಡಿದೆ. ತಲೆ ಎತ್ತಿದರೆ ಅಡುಗೆಮನೆಯ ಬಾಗಿಲಲ್ಲಿ ಗಂಗವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದರು.

"ಮೊದಲು ಚಾಳಿನ ಮನೆಯಲ್ಲಿ ಬಟ್ಟೆ ಒಣಗಿಸುವ ಹಗ್ಗ ಎಲ್ಲಿತ್ತು?" ಎಂದು ಅವರನ್ನೇ ಕೇಳಿದೆ.

"ಮ್ಯಾಲ... ಜಂತಿಗಿ ಕಟ್ಟಿದ್ವಿರಿ" ಎಂದರು ಸಣ್ಣ ದನಿಯಲ್ಲಿ.

ಬೊಂಬಾಯಿಯ ಚಾಳಿನಲ್ಲಿ ಬಾಳಿದ ಹೆಂಗಸರಿಗೆ ಗೊತ್ತು. ಜಾಗ ಕೆಳಗೆ ಇಲ್ಲ, ಮೇಲೆ ಉಂಟು. ಹಗ್ಗ ಮಾಡಿನ ಹತ್ತಿರ. ಬಟ್ಟೆ ಏರಿಸಲು ಒಂದು ಕೋಲು. ಒದ್ದೆ ಸೀರೆಯಾದರೆ ಬಿದಿರಿನ ಕೋಲು ಸಾಕು. ಒದ್ದೆ ಕೌದಿ ಎಂದರೆ ಮುಳುಗಿದ ಎಮ್ಮೆ. ಬಿದಿರು ಬಳುಕುತ್ತದೆ. ಉಕ್ಕೇ ಬೇಕು.

ಸುಮತಿ ಚಿವುಟುವ ಮೊದಲೇ ನನ್ನ ಬಾಯಿಯಿಂದ ಹೊರಟುಹೋಯಿತು. "ವಾಸು, ಕೋವಿ ಒಳ್ಳೆಯದುಂಟು, ತಗೋ. ಇದು ಹುಲಿಯನ್ನೂ ನೋಡಿಲ್ಲ, ಕಳ್ಳನನ್ನೂ ನೋಡಿಲ್ಲ. ಇದರಲ್ಲಿ ಇಷ್ಟು ವರ್ಷ ಕೌದಿ ಒಣಗಿಸಿದ್ದಾರೆ."

ಮಲ್ಲಪ್ಪನವರು ಎದ್ದು ನನ್ನ ಕೈಯಿಂದ ಕೋವಿ ತೆಗೆದುಕೊಂಡರು. ಸಿಟ್ಟು ಮಾಡಿದ್ದರೆ ನನಗೆ ಸುಲಭವಾಗುತ್ತಿತ್ತು, ಜಗಳ ನನಗೆ ಬರುತ್ತದೆ. ಅವರು ಸುಮ್ಮನೆ ಬಟ್ಟೆಯಲ್ಲಿ ಸುತ್ತತೊಡಗಿದರು. "ಸಂಬಂಧದ ಮಾತು ಆಮ್ಯಾಲ ನೋಡೂಣ್ರಿ" ಎಂದರು. ಪ್ರವೀಣ "ಅಪ್ಪಾ" ಎಂದು ಸೋಫಾದಿಂದ ಎದ್ದ. ನಿಶಾಳ ಕಣ್ಣಲ್ಲಿ ನೀರು ಬಂತು. ಒರೆಸಿಕೊಳ್ಳಲು ಹೋಗಿ ಫೋನು ತಿರುಗಿ ವಾಸುವಿನ ಮೂಗು ತಲೆಕೆಳಗಾಯಿತು.

ಕ್ಷಮೆ ಕೇಳುವುದು ನನಗೆ ಬರುವುದಿಲ್ಲ. ಚಿಕ್ಕಂದಿನಲ್ಲಿ ಯಾರೂ ಕಲಿಸಲಿಲ್ಲ, ಮೂರನೇ ಕ್ಲಾಸಿನವರೆಗೆ ಆ ಪಾಠ ಬರಲಿಲ್ಲ. ಕೈಯಲ್ಲಿ ತೋಟೆ ಇತ್ತು. ಅದನ್ನು ಮೇಜಿನ ಮೇಲೆ ಇಟ್ಟೆ.

"ಮಲ್ಲಪ್ಪನವರೆ, ಒಂದು ನಿಮಿಷ ಕೂತ್ಕೊಳ್ಳಿ. ಇದು ನನ್ನ ಅಪ್ಪ ಜೀವಮಾನದಲ್ಲಿ ಹೊಡೆದ ಒಂದೇ ಒಂದು ತೋಟೆ. ಎಂತದಕ್ಕೆ ಹೊಡೆದದ್ದು ಗೊತ್ತುಂಟಾ?"

"ಹಂದಿ!" ಎಂದಳು ಸುಮತಿ. "ಕಾಡುಹಂದಿ" ಎಂದಳು ನಿಶಾ, ಮೂಗು ಒರೆಸಿಕೊಳ್ಳುತ್ತ.

ಫೋನಿನಲ್ಲಿ ವಾಸು ಕಿರುಚಿದ. "ಅಕ್ಕಾ! ಹೇಳ್ಬೇಡ! ಇಲ್ಲಿ ಊರಲ್ಲಿ ನನಗೊಂದು ಮರ್ಯಾದೆ ಉಂಟು!"

"ಹಂದಿ ಅಲ್ಲ. ನಮ್ಮ ಮನೆಯ ಹಂಡೆ."

ಹೇಳಿದೆ, ಎಲ್ಲ ಹೇಳಿದೆ. ಮುಸ್ಸಂಜೆ, ಮಂಜು. ಬಚ್ಚಲಿನ ಹಿಂದೆ ಅಮ್ಮ ಸ್ನಾನದ ನೀರಿನ ದೊಡ್ಡ ತಾಮ್ರದ ಹಂಡೆಯನ್ನು ಹುಣಸೆಹುಳಿ ಹಾಕಿ ತಿಕ್ಕಬೇಕೆಂದು ಕವುಚಿ ಇಟ್ಟು ಒಳಗೆ ಬಂದಿದ್ದಳು. ಮಸಿ ಹಿಡಿದ ಕಪ್ಪು ಬೆನ್ನು, ಹಂದಿಯದ್ದೇ ಗಾತ್ರ. ಅಪ್ಪ ಜಗಲಿಯಿಂದ ನೋಡಿದರು, ಉಸಿರು ಬಿಗಿ ಹಿಡಿದರು, ಢಂ ಎನಿಸಿದರು. ಹಂದಿ ಡಣಾ ಎಂದು ಕೂಗಿತು. ಯಾವ ಹಂದಿಯೂ ಡಣಾ ಎನ್ನುವುದಿಲ್ಲ ಎಂದು ಅಮ್ಮನಿಗೆ ಒಳಗಿನಿಂದಲೇ ತಿಳಿಯಿತು. ಸದ್ದು ಕೇಳಿ ಊರಿನವರು ಪಾಲು ಒಯ್ಯಲು ಪಾತ್ರೆ ಹಿಡಿದು ಬಂದರು. ಅಪ್ಪ ಹಂಡೆಯ ಮೇಲೆ ಗೋಣಿ ಹೊದಿಸಿ, ಗಾಯ ಆಗಿ ಗುಡ್ಡ ಹತ್ತಿತು ಎಂದರು. ಆಮೇಲೆ ಎಷ್ಟು ಬೆಸುಗೆ ಹಾಕಿದರೂ ಹಂಡೆ ಸೋರುವುದು ಬಿಡಲಿಲ್ಲ. ಊರಿಗೆಲ್ಲ ಅಪ್ಪ ಹಂದಿ ಹೊಡೆದ ವೀರ. ಮನೆಯವರಿಗೆಲ್ಲ ಅರ್ಧ ಸ್ನಾನ.

"ಅಜ್ಜಿ! ನೀನು ನನಗೆ ಬಚ್ಪನ್‌ನಿಂದ ಜೂಠ್ ಹೇಳಿದ್ದಾ?" ಎಂದಳು ನಿಶಾ.

"ಹೌದು. ಹಂದಿ ಅಂತ ಹೇಳದಿದ್ರೆ ನೀನು ಅನ್ನ ತಿಂತಿರಲಿಲ್ಲ."

ಮಲ್ಲಪ್ಪನವರು ತೋಟೆಯನ್ನು ಎತ್ತಿ ತಿರುಗಿಸಿ ನೋಡಿದರು. ಮೀಸೆಯ ಒಂದು ತುದಿ ಅದುರಿತು.

"ಹಂಡೇಕ ಎಷ್ಟು ತೂತು ಬಿದ್ವು?"

"ಹದಿನೇಳು."

"ಹದಿನೇಳು! ಗುರಿ ಚಲೋ ಇತ್ತು ಬಿಡ್ರಿ ಮತ್ತ!"

ಮೊದಲು ನಕ್ಕದ್ದು ಗಂಗವ್ವ. ಸೆರಗಿನೊಳಗೆ ಅಷ್ಟು ಹೊತ್ತು ತಡೆದದ್ದು ಕಟ್ಟೆ ಒಡೆದು ಬಂತು. ಮಲ್ಲಪ್ಪನವರು ಅವರ ಕಡೆ ತಿರುಗಿದರು. "ಏನಲೇ, ಖರೇ ಕೌದಿ ಹಾಕತಿದ್ದೇನ ನನ್ನ ಬಂದೂಕಿಗೆ?"

"ರಜಾ ದಿನ ನೀವು ಮಧ್ಯಾಹ್ನ ಮಕ್ಕೊಂಡಾಗ ಹಾಕತಿದ್ದೆ. ಖಾಲಿ ಅದ ಅಂತ ನೋಡೇ ತಗೋತಿದ್ದೆ."

"ಮತ್ತ ಮಣಿ?"

"ಅದು ನಿಮ್ಮವ್ವನ ಕೌದಿರಿ. ಆರು ಸೀರಿದು. ಜಗ್ಗಿದೆ, ವಾಲಿತು. ನೀವು ಸಂಜೀಕ ನೋಡಿ, ಕಳ್ಳನ ಎದಿ ಎಷ್ಟು ಗಟ್ಟಿ ಇತ್ತು ಅಂತ ಓಣಿ ತುಂಬ ಹೇಳ್ಕೋತ ಹ್ವಾದ್ರಿ. ನಡುವ ನಾ ಏನ್ ಹೇಳ್ಲಿ?"

ಮಲ್ಲಪ್ಪನವರು ಮುಖದ ಮೇಲೆ ಎರಡೂ ಕೈ ಇಟ್ಟುಕೊಂಡರು. ಹೆಗಲು ಕುಲುಕತೊಡಗಿತು. ಅಳುತ್ತಿದ್ದಾರೆ ಎಂದು ಸುಮತಿ ಹೆದರಿದಳು. ಅವರು ನಗುತ್ತಿದ್ದರು. ಕಣ್ಣೊರೆಸಿಕೊಂಡು, "ಅವ್ವಾರ, ನಿಮ್ಮ ಮನ್ಯಾಗ ಹುಡುಗಿ ಹಿಂಗ ಬಾಯಿ ಬಿಡ್ತಾಳೇನ್ರಿ?" ಎಂದು ಕೇಳಿದರು.

"ಇಲ್ಲ. ಅವಳು ಅವಳ ಅಜ್ಜನ ಹಾಗೆ. ಬಣ್ಣ ನೋಡಿ ಒಪ್ಪಿಕೊಳ್ಳುವವಳು" ಎಂದೆ.

ಗಂಗವ್ವ ಒಳಗೆ ಹೋಗಿ ಸಕ್ಕರೆ ತಂದು ಎಲ್ಲರ ಬಾಯಿಗೆ ಹಾಕಿದರು. ಫೋನಿನಲ್ಲಿ ವಾಸು, ಕೋವಿಯದ್ದು ಎಂತ ಆಯ್ತು, ಯಾರಾದ್ರೂ ಹೇಳಿ ಮಾರಾಯ್ರೆ ಎಂದು ಬೊಬ್ಬೆ ಹಾಕುತ್ತಲೇ ಇದ್ದ. ನನ್ನ ಬಾಯಿಯಲ್ಲಿ ಸಕ್ಕರೆ ಇತ್ತು, ಉತ್ತರ ಕೊಡಲಿಲ್ಲ.

ಪೊಲೀಸ್ ಸ್ಟೇಷನ್ನಿನ ಕಾಗದಪತ್ರ ಎಲ್ಲ ಮುಗಿದು ಕೋವಿ ವಾಸುವಿನ ಮನೆ ಸೇರಿತು. ಕೀಲು ಬಿಗಿ ಮಾಡಿಸಿ, ಹೊಸ ಮಣಿ ಹಾಕಿಸಿದ್ದಾನೆ. ಅವನ ಹೆಂಡತಿಗೆ ನಾನೇ ಫೋನು ಮಾಡಿ, ಮಳೆಗಾಲದಲ್ಲಿ ಏನೇ ಆದರೂ ಅದನ್ನು ಮುಟ್ಟಬೇಡ, ಬಿದಿರು ಕಡಿಸಿಕೋ ಎಂದು ಹೇಳಿದ್ದೇನೆ.

ಮದುವೆ ಗೋರೆಗಾಂವಿನ ಒಂದು ಹಾಲ್‌ನಲ್ಲಿ ಆಯಿತು. ಊಟದ ಸಾಲಿನಲ್ಲಿ ನನ್ನ ಎದುರಿಗೆ ಮಲ್ಲಪ್ಪನವರು ಕೂತಿದ್ದರು. ಪಕ್ಕದಲ್ಲಿ ನಮ್ಮ ಕಡೆಯ ಒಬ್ಬರು, ಅವರಿಗೆ ಹೊಸ ಪರಿಚಯ. ಮಲ್ಲಪ್ಪನವರು ಜೇಬಿನಿಂದ ಮನೆಯ ಬೀಗದ ಕೈಗೊಂಚಲು ತೆಗೆದರು. ಅದಕ್ಕೆ ವಾಸುವಿನಿಂದ ಕೇಳಿ ತರಿಸಿಕೊಂಡ ಆ ಹಳೆ ಮಣಿಯನ್ನು ತೂತು ಮಾಡಿಸಿ ಕಟ್ಟಿಸಿಕೊಂಡಿದ್ದರು. "ಬ್ಯಾಂಕಿನಾಗ ಒಬ್ಬ ಕಳ್ಳ ಬಂದಿದ್ದರಿ" ಎಂದು ಶುರು ಮಾಡಿದರು. ನನ್ನ ಹೊಸ ಕಣ್ಣಿಗೆ ಮಣಿಯ ಬುಡದಲ್ಲಿ ಕೆಂಪು ದಾರ ಇನ್ನೂ ಕಾಣುತ್ತಿತ್ತು. ಅವರು ನನ್ನನ್ನು ನೋಡಿದರು. ನಾನು ಎಲೆ ನೋಡಿದೆ, ಒಂದು ತುತ್ತು ಬಾಯಿಗೆ ತುರುಕಿಕೊಂಡೆ. ಜೀವಮಾನದಲ್ಲಿ ಮೊದಲ ಸಲ ಬಾಯಿ ಮುಚ್ಚಿಕೊಂಡು ಕೂತೆ.

ಅಷ್ಟರಲ್ಲಿ ನನ್ನ ಪಕ್ಕದವಳು, "ನಿಮ್ಮ ಅಪ್ಪನ ಹತ್ತಿರವೂ ಕೋವಿ ಇತ್ತಂತೆ, ಹೌದಾ?" ಎಂದು ಕೇಳಿದಳು. ಪಾಯಸ ಬಡಿಸುವವರು ಬರಲು ಇನ್ನೂ ಹೊತ್ತಿತ್ತು. ನಾನು ಹಂದಿಯ ಕಥೆ ತೆಗೆದೆ. ಎದುರಿನಲ್ಲಿ ಮಲ್ಲಪ್ಪನವರು ಗಂಭೀರವಾಗಿ ತಲೆ ಆಡಿಸಿ, "ಭಾಳ ದೊಡ್ಡ ಹಂದಿ ಅಂತರಿ" ಎಂದರು. ಈ ಸಲ ಅದಕ್ಕೆ ಕೋರೆಹಲ್ಲೂ ಬಂತು.